ಸಮಾಜಕಾರ್ಯ ಪ್ರಶಿಕ್ಷಣಾರ್ಥಿಗಳು: ಸ್ವಯಂಸೇವಾ ಸಂಸ್ಥೆಯಲ್ಲಿ ಮೊದಲ ವಾರಗಳು

ಸಮಾಜಕಾರ್ಯ ಸ್ನಾತಕೋತ್ತರ ಪದವಿ (ಎಂ.ಎಸ್.ಡಬ್ಲ್ಯು.) ವ್ಯಾಸಂಗದಲ್ಲಿ ಕ್ಷೇತ್ರಕಾರ್ಯವು ಕಡ್ಡಾಯ ಭಾಗವಾಗಿರುತ್ತದೆ. ಸಾಮಾನ್ಯವಾಗಿ ವಿದ್ಯಾರ್ಥಿಗಳು ವಾರದಲ್ಲಿ ಎರಡು ದಿನ ಸ್ವಯಂಸೇವಾ ಸಂಸ್ಥೆ, ಆಸ್ಪತ್ರೆ ಅಥವಾ ಬಾಲಮಂದಿರಗಳಲ್ಲಿ ಕೆಲಸ ಕಲಿಯುತ್ತಾರೆ. ವ್ಯಾಸಂಗದ ಕೊನೆಯಲ್ಲಿ ಸುಮಾರು ಒಂದು ತಿಂಗಳ ನಿರಂತರ ತರಬೇತಿಯೂ ಇರುವುದುಂಟು.

ಈ ಪದ್ಧತಿ ಹೊಸದಲ್ಲ. 1936ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಪ್ರಾರಂಭವಾದಾಗ ಅದರ ಪ್ರಥಮ ನಿರ್ದೇಶಕರಾದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರು ನಾಗಪಾಡದ ಕಾರ್ಮಿಕ ವಸತಿಗಳ ನಡುವೆ ನೆರೆಹೊರೆ ಕೇಂದ್ರವೊಂದನ್ನು ನಡೆಸಿದ ಅನುಭವವುಳ್ಳವರಾಗಿದ್ದರು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯವು 1960ರಿಂದ ಈ ಶಿಕ್ಷಣವನ್ನು ನೀಡುತ್ತ ಬಂದಿದೆ.

ಪ್ರಶಿಕ್ಷಣಾರ್ಥಿಯನ್ನು ಬರಮಾಡಿಕೊಳ್ಳುವುದೆಂದರೆ ಹೂಗುಚ್ಛ ನೀಡಿ ಸಂಸ್ಥೆಯ ವಾರ್ಷಿಕ ವರದಿಯನ್ನು ಕೈಗಿಡುವುದಷ್ಟೇ ಅಲ್ಲ. ಕೆಲವೆಡೆ ಬಂದವರನ್ನು ಕಡತಗಳ ನಕಲು ಕೆಲಸಕ್ಕೆ ಕೂರಿಸಲಾಗುತ್ತದೆ; ಮತ್ತೆ ಕೆಲವೆಡೆ ಮೊದಲ ದಿನವೇ ಸಮೀಕ್ಷೆಯ ನಮೂನೆಗಳನ್ನು ಕೊಟ್ಟು ಕೊಳಚೆ ಪ್ರದೇಶಕ್ಕೆ ಕಳುಹಿಸಲಾಗುತ್ತದೆ. ಮೊದಲನೆಯದರಿಂದ ವಿದ್ಯಾರ್ಥಿಯ ಕಾಲ ವ್ಯರ್ಥವಾಗುತ್ತದೆ. ಎರಡನೆಯದು ಹೆಚ್ಚು ಗಂಭೀರವಾದುದು, ಏಕೆಂದರೆ ಅದರ ಪರಿಣಾಮವನ್ನು ಅನುಭವಿಸುವವರು ಆ ಮನೆಗಳಲ್ಲಿ ವಾಸಿಸುವವರು.

ಉದಾಹರಣೆಗೆ, ಸಂಧ್ಯಾ ಸುರಕ್ಷಾ ವೇತನ ಇನ್ನೂ ಮಂಜೂರಾಗದ ವೃದ್ಧೆಯೊಬ್ಬರ ಮನೆಗೆ ಪ್ರಶಿಕ್ಷಣಾರ್ಥಿಯು ಭೇಟಿ ನೀಡಿದನೆಂದು ಭಾವಿಸಬಹುದು. ಕನಿಕರದಿಂದ ಆತನು “ಆಗುತ್ತದೆ ಬಿಡಿ ಅಜ್ಜಿ, ನಾನು ಮಾಡಿಸಿಕೊಡುತ್ತೇನೆ” ಎನ್ನುತ್ತಾನೆ. ಅರ್ಜಿಯು ನಾಡಕಚೇರಿಯಲ್ಲಿ ಸಲ್ಲಿಕೆಯಾಗಿ, ದಾಖಲೆಗಳ ಪರಿಶೀಲನೆಯ ನಂತರ ಕಂದಾಯ ಅಧಿಕಾರಿಗಳಿಂದ ಮಂಜೂರಾಗಬೇಕಾದುದು. ವಿದ್ಯಾರ್ಥಿಗಾಗಲಿ ಸಂಸ್ಥೆಗಾಗಲಿ ಆ ಅಧಿಕಾರವಿಲ್ಲ. ಆದರೆ ಅಜ್ಜಿಯು ಆ ಮಾತನ್ನೇ ನಂಬಿ ಕಾಯುತ್ತಾರೆ, ನೆರೆಮನೆಯವರಿಗೂ ಹೇಳುತ್ತಾರೆ. ವೇತನ ಬಾರದಿದ್ದಾಗ ಸಂಸ್ಥೆಯ ಕಾರ್ಯಕರ್ತೆಗೆ ಬಾಗಿಲು ತೆರೆಯುವವರಿರುವುದಿಲ್ಲ. ಆದುದರಿಂದ ಏನನ್ನು ಮಾಡಬಹುದು ಎಂಬುದಕ್ಕಿಂತ ಮೊದಲು ಏನನ್ನು ಹೇಳಬಾರದು ಎಂಬುದನ್ನು ತಿಳಿಸಿಕೊಡುವುದು ಸೂಕ್ತ. ಅರ್ಜಿ ನಮೂನೆ ತುಂಬಲು ನೆರವಾಗುವುದು, ಜೊತೆಗೆ ನಾಡಕಚೇರಿಗೆ ಹೋಗುವುದು ಇವು ಪ್ರಶಿಕ್ಷಣಾರ್ಥಿಯಿಂದ ಸಾಧ್ಯವಾದ ನೈಜ ಸಹಾಯಗಳು.

ಮೊದಲ ಎರಡು ಮೂರು ವಾರಗಳಲ್ಲಿ ಅನುಭವೀ ಕಾರ್ಯಕರ್ತರ ಜೊತೆಯಲ್ಲಿಯೇ ಗೃಹಭೇಟಿ ನಡೆಯುವುದು ಒಳಿತು. ಬಂದವರು ವಿದ್ಯಾರ್ಥಿಯೆಂಬುದನ್ನು ಕುಟುಂಬಕ್ಕೆ ಮುಚ್ಚುಮರೆಯಿಲ್ಲದೆ ತಿಳಿಸಿ, ಒಪ್ಪಿಗೆ ಪಡೆಯಬೇಕು. ಬೇಡವೆನ್ನುವ ಹಕ್ಕು ಆ ಕುಟುಂಬಕ್ಕೆ ಇದೆ. ಮಾತು ಆರಂಭವಾಗುವ ಮುನ್ನವೇ ಪುಸ್ತಕ ತೆರೆದು ಬರೆಯತೊಡಗಿದರೆ ಬಂದವರು ಗಣತಿಯವರೆಂದೇ ಜನ ಭಾವಿಸುತ್ತಾರೆ.

ಕಾನೂನಿನ ಮಾಹಿತಿಯನ್ನು ಮೊದಲ ದಿನವೇ ನೀಡತಕ್ಕದ್ದು. ಬಾಲನ್ಯಾಯ ಕಾಯಿದೆ, 2015ರ 74ನೇ ಪ್ರಕರಣವು ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರಗಳನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಮೊಬೈಲಿನಲ್ಲಿ ತೆಗೆದು ಗೆಳೆಯರಿಗೆ ಕಳುಹಿಸುವ ಚಿತ್ರದ ವಿಷಯದಲ್ಲಿಯೂ ಈ ಎಚ್ಚರ ಅಗತ್ಯ. ಕಾಲೇಜಿಗೆ ಸಲ್ಲಿಸುವ ವರದಿಯಲ್ಲಿ ನಿಜ ಹೆಸರಿನ ಬದಲು ಸಂಖ್ಯೆ ಬಳಸುವುದು ಕ್ಷೇಮಕರ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದಲ್ಲಿ ಮಾತ್ರ ಗೌಪ್ಯತೆಯ ಹೆಸರಿನಲ್ಲಿ ಮೌನವಾಗಿರುವಂತಿಲ್ಲ. ಪೋಕ್ಸೊ ಕಾಯಿದೆ, 2012ರ 19ನೇ ಪ್ರಕರಣದಂತೆ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಪ್ರಶಿಕ್ಷಣಾರ್ಥಿಯ ಸುರಕ್ಷತೆಯೂ ಸಂಸ್ಥೆಯ ಹೊಣೆಯೇ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯಿದೆ, 2013ರಡಿ ತರಬೇತಿಯಲ್ಲಿರುವವರೂ ‘ಉದ್ಯೋಗಿ’ ಎಂಬ ವ್ಯಾಖ್ಯೆಯಲ್ಲಿ ಸೇರುತ್ತಾರೆ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯಿದ್ದು ಆಂತರಿಕ ಸಮಿತಿ ಇಲ್ಲದ ಸಂಸ್ಥೆಗಳಲ್ಲಿ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಸಲ್ಲಿಸಬಹುದಾಗಿದೆ.

ಮೇಲ್ವಿಚಾರಕರು ವಾರಕ್ಕೊಮ್ಮೆಯಾದರೂ ವಿದ್ಯಾರ್ಥಿಯೊಡನೆ ಪ್ರತ್ಯೇಕವಾಗಿ ಕುಳಿತು ವರದಿಯನ್ನು ಪರಿಶೀಲಿಸಬೇಕು. ಬರಿದೆ ಸಹಿ ಹಾಕುವ ಮೇಲ್ವಿಚಾರಣೆಯಿಂದ ಪ್ರಯೋಜನವಿಲ್ಲ.

ಬೀಳ್ಕೊಡುಗೆಯ ದಿನವನ್ನು ಸ್ವಾಗತದ ಹೊತ್ತಿಗೇ ನಿಗದಿಪಡಿಸುವುದು ಉತ್ತಮ. ವಾರಕ್ಕೆರಡು ಬಾರಿ ಬರುತ್ತಿದ್ದ ಅಕ್ಕ ಪರೀಕ್ಷೆ ಸಮೀಪಿಸಿದೊಡನೆ ಹೇಳದೆ ಕೇಳದೆ ಕಾಣೆಯಾದರೆ, ಈಗಾಗಲೇ ಹಲವರಿಂದ ಕೈಬಿಡಲ್ಪಟ್ಟ ಮಗುವಿಗೆ ಅದು ಮತ್ತೊಂದು ಅಗಲಿಕೆಯಾಗುತ್ತದೆ. ಎಷ್ಟು ತಿಂಗಳು ಬರುವರೆಂಬುದನ್ನು ಮೊದಲ ಭೇಟಿಯಲ್ಲಿಯೇ ಹೇಳಿ, ಕೊನೆಯ ಭೇಟಿಗಳಿಗೆ ಮುಂದೆ ಆ ಮನೆಯನ್ನು ನೋಡಿಕೊಳ್ಳುವ ಕಾರ್ಯಕರ್ತರನ್ನು ಜೊತೆಗೆ ಕರೆದೊಯ್ದು, ಕಡತವನ್ನು ಅವರ ವಶಕ್ಕೆ ಒಪ್ಪಿಸತಕ್ಕದ್ದು.