ಅಡಗಬ್ಯಾಡ, ಹೊರಗ ಬಾ

ಏಪ್ರಿಲ್ ಬಂತೆಂದರೆ ರಾಯಚೂರಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲು ನಲವತ್ತು ಡಿಗ್ರಿ ದಾಟಿದ ಊರಿನಲ್ಲಿ ಅದು ಅನಿವಾರ್ಯ. ಅಗ್ನಿಶಾಮಕ ಠಾಣೆಗೆ ಮಾತ್ರ ಈ ವಿನಾಯಿತಿ ಇಲ್ಲ. ಬಣವೆಗೆ, ಹತ್ತಿ ರಾಶಿಗೆ, ಗುಡಿಸಲಿಗೆ ಬೆಂಕಿ ಬೀಳುವ ಕಾಲವೇ ಇದು. ಅಗ್ನಿಶಾಮಕ ಸೇವಾ ಸಪ್ತಾಹವೂ ಇದೇ ಹೊತ್ತಿಗೆ, ಏಪ್ರಿಲ್ 14ರಿಂದ 20ರವರೆಗೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದು 66 ಅಗ್ನಿಶಾಮಕರು ಪ್ರಾಣ ಕೊಟ್ಟರು; ಸಪ್ತಾಹ ಅವರ ನೆನಪಿಗೆ. ಆ ಹಡಗಿನಲ್ಲಿ ಮದ್ದುಗುಂಡಿನ ಜೊತೆಗೆ ಹತ್ತಿ ಬೇಲುಗಳಿದ್ದವು. ಬೆಂಕಿ ಮೊದಲು ಹತ್ತಿದ್ದು ಹತ್ತಿಗೇ. ರಾಜೇಂದ್ರ ಗಂಜ್ ಮತ್ತು ಜಿನ್ನಿಂಗ್ ಮಿಲ್ಲುಗಳ ಈ ಊರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತಿಯ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಹೊಗೆಯಾಡುತ್ತಿರುತ್ತದೆ.

ಸಪ್ತಾಹ ಶುರುವಾಗುವ ಹೊತ್ತಿಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಬಿದ್ದಿರುತ್ತದೆ. ಬೆಂಕಿಯ ಬಗ್ಗೆ ಮಕ್ಕಳಿಗೆ ತಿಳಿಹೇಳಬೇಕಾದ ದಿನಗಳಲ್ಲೇ ತರಗತಿ ಖಾಲಿ. ಆಗಲೂ ಬಾಗಿಲು ತೆರೆದಿರುವುದು ಅಂಗನವಾಡಿ. ಮೂರರಿಂದ ಆರು ವರ್ಷದ ಪುಟಾಣಿಗಳಿಗೆ ಬೆಂಕಿಯ ಪಾಠ ಹೇಗೆ ತಲುಪುತ್ತಿದೆ ಎಂದು ನೋಡುವ ಆಸೆಯಿಂದ ರಾಯಚೂರು, ದೇವದುರ್ಗ, ಮಾನ್ವಿಯ ಕಡೆ ಸುತ್ತಾಡಿದೆ.

ರಾಯಚೂರಿನಲ್ಲಿ ಅಗ್ನಿಶಾಮಕರ ಪ್ರಾತ್ಯಕ್ಷಿಕೆಯಲ್ಲಿ ಮಕ್ಕಳನ್ನು ಮೊದಲು ಸೆಳೆದದ್ದು ಕೆಂಪು ಗಾಡಿ. ಗಂಟೆ, ಏಣಿ, ಸುರುಳಿ ಸುತ್ತಿದ ಪೈಪು ಎಲ್ಲವನ್ನೂ ಮುಟ್ಟಿ ನೋಡಿದರು. ನನಗೆ ಮುಖ್ಯವೆನಿಸಿದ್ದು ಆಮೇಲೆ ನಡೆದದ್ದು. ಒಬ್ಬ ಸಿಬ್ಬಂದಿ ಮಕ್ಕಳ ಎದುರಿಗೇ ನೆಲದ ಮೇಲೆ ಕೂತು ಒಂದೊಂದಾಗಿ ಉಡುಪು ತೊಡತೊಡಗಿದರು. ಮೊದಲು ಗಂಬೂಟು, ಆಮೇಲೆ ದಪ್ಪ ಕೋಟು, ಕೈಗವಸು, ಹೆಲ್ಮೆಟ್. ಅಲ್ಲಿಯವರೆಗೆ ಎಲ್ಲರೂ ನಗುತ್ತಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಏರಿಸಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಉಸಿರೆಳೆದಾಗ ‘ಖರ್ರ್’ ಎಂಬ ಸದ್ದು ಬಂತು. ಮುಂದಿನ ಸಾಲಿನ ಹುಡುಗಿ ಚೀರಿ ಆಯಾಳ ಸೆರಗಿನಲ್ಲಿ ಮುಖ ಹುದುಗಿಸಿದಳು. ಅವರು ಕೂಡಲೇ ಮಾಸ್ಕ್ ತೆಗೆದು, ‘ಅಳಬ್ಯಾಡವ್ವ, ನಾನs ಇದೀನಿ, ಮಾಮಾ’ ಎಂದರು. ಮತ್ತೆ ಹಾಕಿದರು, ಮತ್ತೆ ತೆಗೆದರು. ಕೊನೆಗೆ ಆ ಹುಡುಗಿಯೇ ಬಂದು ಮಾಸ್ಕಿನ ಗಾಜನ್ನು ಬೆರಳಿನಿಂದ ಮುಟ್ಟಿದಳು.

ಇಡೀ ಪ್ರಾತ್ಯಕ್ಷಿಕೆಯ ಸಾರ ಈ ಮುಟ್ಟುವಿಕೆಯಲ್ಲಿದೆ. ಮನೆಗೆ ಬೆಂಕಿ ಬಿದ್ದಾಗ ಸಣ್ಣ ಮಕ್ಕಳು ಓಡುವುದಿಲ್ಲ, ಅಡಗುತ್ತಾರೆ. ಮಂಚದ ಕೆಳಗೆ, ಬೀರುವಿನ ಹಿಂದೆ, ಹಾಸಿಗೆಯ ಒಳಗೆ. ಹೊಗೆಯ ನಡುವೆ ಹುಡುಕಿಕೊಂಡು ಬಂದ ಮಾಸ್ಕಿನ ಆಕೃತಿ ಕಂಡರಂತೂ ಇನ್ನೂ ಒಳಕ್ಕೆ ಸರಿಯುತ್ತಾರೆ, ಕರೆದರೂ ಓಗೊಡುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರಿನ ಪಿನ್ ಎಳೆಯುವುದು ದೊಡ್ಡವರ ಕೆಲಸ. ಮಗು ಕಲಿಯಬೇಕಾದದ್ದು ಒಂದೇ: ಅಡಗಬಾರದು, ಹೊರಗೆ ಬರಬೇಕು, ಕರೆಯಲು ಬಂದವರ ಕೈ ಹಿಡಿಯಬೇಕು. ಕಣ್ಣಾಮುಚ್ಚಾಲೆ ಆಡಿ ಬೆಳೆಯುವ ಮಗುವಿಗೆ ಬರೀ ಮಾತಿನಿಂದ ಇದು ಹತ್ತುವುದಿಲ್ಲ. ಇನ್ನೊಂದು ಆಟವೇ ಬೇಕು.

ಆ ಆಟ ಕಂಡದ್ದು ದೇವದುರ್ಗದ ಕಡೆ. ಕಲ್ಮಲಾ, ಗಬ್ಬೂರು ದಾಟಿ ಹೋಗುವ ದಾರಿಯಲ್ಲಿ ಹೊಲಗಳು ಬರಿದಾಗಿದ್ದವು; ಕಿತ್ತ ಹತ್ತಿಕಟ್ಟಿಗೆ ಮನೆಗಳ ಗೋಡೆಗೆ ಆನಿಸಿಕೊಂಡು ಒಟ್ಟಿಲಾಗಿತ್ತು. ವರ್ಷವಿಡೀ ಒಲೆಗೆ ಅದೇ ಉರುವಲು. ಒಂದು ಕಿಡಿ ಸಾಕು. ಅಂಗನವಾಡಿಯ ಅಂಗಳದಲ್ಲಿ ಕಾರ್ಯಕರ್ತೆ ಮತ್ತು ಒಬ್ಬ ತಾಯಿ ಹಳೆಯ ಕೌದಿಯೊಂದನ್ನು ಎರಡು ತುದಿಗೆ ಹಿಡಿದು ಸೊಂಟದೆತ್ತರಕ್ಕೆ ಎಳೆದು ನಿಂತಿದ್ದರು. ‘ಇದು ಹೊಗಿ. ತಲಿ ತಾಗಿದ್ರ ಕೆಮ್ಮು ಬರ್ತೈತಿ, ನೋಡ್ರಿ ಮತ್ತ!’ ಮಕ್ಕಳು ಮೊಣಕಾಲೂರಿ, ಒಂದು ಕೈ ಗೋಡೆಗೆ ತಾಗಿಸಿಕೊಂಡು, ಕೌದಿಯ ಕೆಳಗೆ ಬಾಗಿಲತ್ತ ತೆವಳಿದರು. ತಲೆ ಎತ್ತಿದವನು ಸುಳ್ಳುಸುಳ್ಳೇ ಕೆಮ್ಮಿ ಮತ್ತೆ ಮೊದಲಿನಿಂದ ಬರಬೇಕು. ಹೊಗೆ ಮೇಲೇರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ ಎಂಬ ವಿಜ್ಞಾನ ಆ ಮೊಣಕಾಲುಗಳಿಗೆ ತಿಳಿಯಿತು. ತೇಪೆ ಹಚ್ಚಿದ ಆ ಕೌದಿಯನ್ನು ಅದರ ಬಣ್ಣಗಳಿಗಾಗಿಯೇ ಮಕ್ಕಳು ಇಷ್ಟಪಟ್ಟರು. ಹೊಗೆ ಇಷ್ಟು ಚೆಂದವಿದ್ದುದನ್ನು ನಾನೂ ನೋಡಿರಲಿಲ್ಲ.

ಆಮೇಲೆ ಕೆರೆ-ದಡ. ನಮ್ಮೆಲ್ಲರಿಗೂ ಗೊತ್ತಿರುವ ಆಟವೇ, ಕೂಗುವ ಮಾತು ಮಾತ್ರ ಬೇರೆ. ‘ಹೊಗಿ’ ಎಂದರೆ ಕುಕ್ಕರುಗಾಲಲ್ಲಿ ಕೂರಬೇಕು. ‘ಬಯಲು’ ಎಂದರೆ ಅಂಗಳದ ಬೇವಿನ ಗಿಡದ ಬುಡಕ್ಕೆ ಓಡಬೇಕು, ಅಲ್ಲಿಂದ ಯಾರೂ ಒಳಗೆ ಹಿಂದಿರುಗಬಾರದು. ಕಾರ್ಯಕರ್ತೆ ನಡುವೆ ‘ಚಪ್ಪಲಿ ಬಿಟ್ಟು ಬಂದೀ!’, ‘ಗೊಂಬಿ ಒಳಗೈತಿ!’ ಎಂದು ಆಸೆ ಹಚ್ಚುತ್ತಿದ್ದರು. ಒಬ್ಬ ಹುಡುಗ ಚಪ್ಪಲಿಗೆಂದು ಓಡಿಯೇಬಿಟ್ಟ. ಉಳಿದವರೆಲ್ಲ ‘ಏ, ಹೋಗಬ್ಯಾಡೋ’ ಎಂದು ಅಂಗಿ ಹಿಡಿದೆಳೆದರು. ‘ನಲಿ ಕಲಿ’ ಹುಟ್ಟಿದ ನಾಡು ನಮ್ಮದು. ಮಗು ಮೈಯಿಂದ ಕಲಿಯುತ್ತದೆ ಎಂಬುದು ನಮಗೆ ಹೊಸದಲ್ಲ.

ಬಟ್ಟೆಗೆ ಬೆಂಕಿ ಹತ್ತಿದರೆ ‘ನಿಲ್ಲು, ಬೀಳು, ಹೊರಳು’ ಎಂಬ ಪಾಠದಲ್ಲಿ ಒಂದು ತೊಡಕಿದೆ. ಹೊರಳುವುದು ಮಕ್ಕಳಿಗೆ ಎಷ್ಟು ಖುಷಿ ಎಂದರೆ ಹೊಗೆ ಎಂದರೂ ಹೊರಳುತ್ತಾರೆ, ಕೈ ಸುಟ್ಟಿತು ಎಂದರೂ ಹೊರಳುತ್ತಾರೆ. ಹಾಗಾಗಿ ಕಾರ್ಯಕರ್ತೆ ಪ್ರಶ್ನೆಗಳನ್ನು ಕಲಸಿ ಕೇಳುತ್ತಿದ್ದರು. ಅಂಗಿಗೆ ಹತ್ತಿದರೆ? ಹೊರಳು, ಮುಖ ಮುಚ್ಚಿಕೊಂಡು. ಮನೆಯಲ್ಲಿ ಹೊಗೆ ತುಂಬಿದರೆ? ತೆವಳಿ ಹೊರಗೆ. ಕೈ ಸುಟ್ಟರೆ? ಗೊಂಬೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಮಕ್ಕಳೇ ತೋರಿಸಿದರು. ತಣ್ಣೀರು ಇಪ್ಪತ್ತು ನಿಮಿಷ ಹರಿಯಬೇಕು. ಪೇಸ್ಟು, ಇಂಕು, ಅರಿಶಿನ ಯಾವುದೂ ಬೇಡ. ಬಾಗಿಲಲ್ಲಿ ನಿಂತಿದ್ದ ತಾಯಂದಿರು ಇದನ್ನು ಮಕ್ಕಳಿಗಿಂತ ಗಮನವಿಟ್ಟು ಕೇಳಿದರು.

ಅದೇ ಕಟ್ಟಡದ ಒಂದು ಮೂಲೆಯಲ್ಲಿ ಅಡುಗೆ. ಗ್ಯಾಸ್ ಒಲೆಯ ಮುಂದೆ ದಪ್ಪನೆಯ ರಂಗೋಲಿ ಗೆರೆ ಎಳೆದಿತ್ತು, ಮಕ್ಕಳು ಅದನ್ನು ದಾಟುವಂತಿಲ್ಲ. ನನಗೆ ಕುಂಭಕೋಣ ನೆನಪಾಯಿತು. 2004ರ ಜುಲೈ 16ರಂದು ಅಲ್ಲಿನ ಶಾಲೆಯ ಅಡುಗೆಮನೆಯ ಬೆಂಕಿ ತಡಿಕೆ ಚಾವಣಿಗೆ ಏರಿ 94 ಮಕ್ಕಳು ಸುಟ್ಟುಹೋದರು. ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಆ ದುರಂತದ ಹಿನ್ನೆಲೆಯಲ್ಲಿ. ಅದಕ್ಕೂ ಮೊದಲು, 1981ರ ಫೆಬ್ರುವರಿ 7ರಂದು, ಬೆಂಗಳೂರಿನ ವೀನಸ್ ಸರ್ಕಸ್ ಡೇರೆ ಹೊತ್ತಿ ಉರಿದಾಗ ಸತ್ತವರಲ್ಲೂ ಹೆಚ್ಚಿನವರು ಮಕ್ಕಳೇ. ಸಾಧನ ಗೋಡೆಗೆ ತೂಗುಹಾಕುವುದು ಬೇಕೇಬೇಕು. ಆದರೆ ಬಾಗಿಲು ಎತ್ತ ಎಂದು ಮಗುವಿನ ಕಾಲಿಗೆ ಗೊತ್ತಿರುವುದು ಅದಕ್ಕಿಂತ ಮೊದಲ ಮಾತು.

ಈ ಸೀಮೆಯ ಮಕ್ಕಳಿಗೆ ಬೆಂಕಿ ಎಂದರೆ ಹಬ್ಬವೂ ಹೌದು. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿರುತ್ತಾರೆ, ಕಾಮದಹನಕ್ಕೆ ಕುಳ್ಳು ಕದ್ದು ತಂದಿರುತ್ತಾರೆ. ಬೆಂಕಿಯನ್ನು ಬರೀ ಭೂತವೆಂದು ಹೆದರಿಸಿದರೆ ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಕಡ್ಡಿಪೆಟ್ಟಿಗೆ ಸಿಕ್ಕರೆ ಗೀರದೆ ದೊಡ್ಡವರಿಗೆ ತಂದುಕೊಟ್ಟವರಿಗೆ ಚಪ್ಪಾಳೆ ಎಂಬ ಆಟ ಹೆದರಿಕೆಗಿಂತ ಒಳ್ಳೆಯದು.

2019ರ ಪ್ರವಾಹದಲ್ಲಿ ಮುಳುಗಿದ ಸೇತುವೆಯ ಮೇಲೆ ಆಂಬುಲೆನ್ಸ್‌ಗೆ ದಾರಿ ತೋರಿಸುತ್ತ ಓಡಿದ ಬಾಲಕ ಇದೇ ದೇವದುರ್ಗ ತಾಲ್ಲೂಕಿನವನು. ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಅವನಿಗೆ ಬಂತು. ಅವನ ಬಗ್ಗೆ ಇಲ್ಲಿನವರಿಗಿರುವ ಹೆಮ್ಮೆ ನನಗೂ ಇದೆ. ಆದರೂ ನಾಲ್ಕು ವರ್ಷದ ಮಗುವಿನಿಂದ ಶೌರ್ಯ ಕೇಳಬಾರದು. ತಮ್ಮನನ್ನು ಎತ್ತಿಕೊಂಡು ಬಾ ಎಂದೂ ಅದಕ್ಕೆ ಹೇಳಬಾರದು. ನೀನು ಬಾ, ಕೂಗು, ಅಷ್ಟು ಸಾಕು.

ಮಾನ್ವಿಯ ಕಡೆ ನೆಲದ ಬಣ್ಣವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು, ಊರ ಅಂಚಿನ ಉದ್ದಕ್ಕೂ ಹುಲ್ಲಿನ ಬಣವೆಗಳು. ಇಲ್ಲಿ ಆಡಿಸುತ್ತಿದ್ದದ್ದು ಫೋನಿನ ಆಟ. ಮಗುವಿನ ಕೈಯಲ್ಲಿ ಕಟ್ಟಿಗೆಯ ತುಂಡು, ಎದುರಿಗೆ ಅಗ್ನಿಶಾಮಕ ಸಿಬ್ಬಂದಿ. 101 ಅಥವಾ 112 ಒತ್ತುವುದನ್ನು ಚಪ್ಪಾಳೆಯ ಲೆಕ್ಕದಲ್ಲಿ ಕಲಿಸಿದ್ದರು. ನಂಬರಿಗಿಂತ ಕಷ್ಟ ವಿಳಾಸದ್ದು. ಹಳ್ಳಿಯಲ್ಲಿ ಮನೆಗೆ ನಂಬರು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ?

‘ಯಾವ ಓಣಿ?’

‘ಹನುಮಪ್ಪನ ಗುಡಿ ಹಿಂದ್ರಿ.’

‘ಗುರುತು ಏನೈತಿ?’

‘ನೀಲಿ ಬಾಗಲ. ಹುಣಸಿ ಗಿಡ.’

‘ನಮ್ಮ ಗಾಡಿ ಒಳಗ ಬರ್ತೈತೇನಪ್ಪ?’

ಹುಡುಗ ಕ್ಷಣ ಯೋಚಿಸಿ, ‘ಇಲ್ರಿ, ನಡುವ ಬಂಡಿ ನಿಂತೈತಿ’ ಎಂದ. ಸಿಬ್ಬಂದಿ ತಲೆ ಎತ್ತಿ ಹಿರಿಯರ ಕಡೆ ನೋಡಿದರು. ಕಟ್ಟೆಯ ಮೇಲಿದ್ದ ಅಜ್ಜನೊಬ್ಬರು ಎದ್ದು, ಅದು ಯಾರ ಬಂಡಿ ಎಂದು ವಿಚಾರಿಸುತ್ತ ಓಣಿಯೊಳಗೆ ನಡೆದರು.