ಶಾಲಾಬಾಲಕರ ದಂತದೋಷಗಳ ಗಣನೆ: ಕೊಲೊರಾಡೊದಿಂದ ನೆಲ್ಲೂರಿನವರೆಗೆ

ಶಾಲಾಬಾಲಕರಲ್ಲಿ ನೂರಕ್ಕೆ ಎಷ್ಟು ಮಂದಿಯ ಹಲ್ಲುಗಳು ಬೆಳವಣಿಗೆಯಲ್ಲಿಯೇ ದೋಷವನ್ನು ಪಡೆದಿರುತ್ತವೆ ಎಂಬ ಪ್ರಶ್ನೆಯು ದಂತವೈದ್ಯರಿಗೆ ಸೇರಿದ್ದೇ ಹೊರತು ಚರಿತ್ರೆಯ ಅಭ್ಯಾಸಿಗಳಿಗೆ ಸೇರಿದ್ದಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಎರಡು ಕಾರಣಗಳಿಂದ ಇದು ನಮಗೂ ಸಂಬಂಧಿಸಿದ ವಿಷಯ. ಮೊದಲನೆಯದಾಗಿ, ಹಲ್ಲು ಒಂದು ದಾಖಲೆ. ಎರಡನೆಯದಾಗಿ, ಇಂಥ ಶೇಕಡಾವಾರು ಸಂಖ್ಯೆಗಳನ್ನು ಓದುವ ಕ್ರಮವು ಯಾವುದೇ ಆಧಾರವನ್ನು ವಿಮರ್ಶಿಸುವ ಕ್ರಮಕ್ಕಿಂತ ಭಿನ್ನವಾದುದಲ್ಲ.

ಹಲ್ಲಿನ ಹೊರಕವಚವಾದ ಎನಾಮಲ್ ದೇಹದ ಅತ್ಯಂತ ಗಡುಸಾದ ವಸ್ತು. ಅದನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಮೂಡುವ ವೇಳೆಗೆ ನಶಿಸಿಹೋಗುವುದರಿಂದ, ಮುರಿದ ಮೂಳೆ ಕೂಡಿಕೊಳ್ಳುವಂತೆ ಎನಾಮಲ್ ತನ್ನನ್ನು ತಾನು ಸರಿಪಡಿಸಿಕೊಳ್ಳಲಾರದು. ಶಾಶ್ವತವಾದ ಮೊದಲ ದವಡೆಹಲ್ಲು ಗಟ್ಟಿಯಾಗತೊಡಗುವುದು ಶಿಶು ಜನಿಸುವ ಹೊತ್ತಿಗೆ. ಮೇಲಿನ ನಡುವಣ ಬಾಚಿಹಲ್ಲುಗಳ ಎನಾಮಲ್ ಸುಮಾರು ಮೂರು ತಿಂಗಳ ವಯಸ್ಸಿನಲ್ಲಿ ಆರಂಭವಾಗಿ ನಾಲ್ಕೈದು ವರ್ಷಗಳಲ್ಲಿ ಪೂರ್ಣವಾಗುತ್ತದೆ. ಆದುದರಿಂದ ಹನ್ನೆರಡು ವರ್ಷದ ಬಾಲಕನ ಬಾಚಿಹಲ್ಲಿನ ಮೇಲೆ ಕಾಣುವ ಕಲೆಯು ಇಂದಿನ ಸಂಗತಿಯನ್ನು ಹೇಳುವುದಿಲ್ಲ. ಆತನ ಮೊದಲ ಐದು ವರ್ಷಗಳ ಸಂಗತಿಯನ್ನು ಹೇಳುತ್ತದೆ.

ಬೆಳವಣಿಗೆಯ ದೋಷಗಳನ್ನು ಸಂಖ್ಯೆಯ ದೋಷ, ಆಕಾರದ ದೋಷ ಮತ್ತು ರಚನೆಯ ದೋಷ ಎಂದು ವಿಂಗಡಿಸುವುದು ರೂಢಿ. ಬುದ್ಧಿಹಲ್ಲುಗಳನ್ನು ಬಿಟ್ಟು ಒಂದಾದರೂ ಶಾಶ್ವತ ಹಲ್ಲು ಹುಟ್ಟದೆಯೇ ಇರುವವರು ನೂರಕ್ಕೆ ಐದಾರು ಮಂದಿ; ಹೆಚ್ಚಿನ ಹಲ್ಲು ಇರುವವರು ಒಂದರಿಂದ ಮೂರು. ಈ ಪ್ರಮಾಣಗಳು ದೇಶದಿಂದ ದೇಶಕ್ಕೆ ಸ್ವಲ್ಪಮಟ್ಟಿಗೆ ಮಾತ್ರ ಬದಲಾಗುತ್ತವೆ. ವಂಶಾನುಗತವಾಗಿ ಬರುವ ಎನಾಮಲ್ ದೋಷವಾದರೋ ಅಮೆರಿಕದ ಮಿಷಿಗನ್ನಿನಲ್ಲಿ ಸುಮಾರು 14,000 ಮಂದಿಗೆ ಒಬ್ಬರಂತೆಯೂ, ಸ್ವೀಡನ್ನಿನ ಉತ್ತರ ಭಾಗದಲ್ಲಿ ಸುಮಾರು 700 ಮಂದಿಗೆ ಒಬ್ಬರಂತೆಯೂ ಕಂಡುಬಂದಿದೆ. ಈ ಇಪ್ಪತ್ತು ಪಟ್ಟಿನ ಅಂತರದಲ್ಲಿ ವಂಶದ ಪಾಲು ಎಷ್ಟೋ, ದೋಷವನ್ನು ಗುರುತಿಸಿದ ಅಳತೆಗೋಲಿನ ಪಾಲೂ ಉಂಟು. ಆದರೆ ಒಂದು ಊರಿನಲ್ಲಿ ಬಹುಮಂದಿ ಮಕ್ಕಳಲ್ಲಿ ಕಂಡು, ಐದು ಮೈಲಿಯಾಚೆಯ ಊರಿನಲ್ಲಿ ಇಲ್ಲವೇ ಇಲ್ಲವೆನ್ನುವಂತಹ ದೋಷವೊಂದಿದೆ. ಅದೇ ಚುಕ್ಕೆಹಲ್ಲು, ಎಂದರೆ ಫ್ಲೋರೈಡಿನಿಂದ ಎನಾಮಲ್ ಮಚ್ಚೆಗೊಳ್ಳುವುದು. ಇದರ ಕಾರಣವನ್ನು ಕಂಡುಹಿಡಿದ ಬಗೆಯು ಎಣಿಕೆಯ ಚರಿತ್ರೆಯಲ್ಲಿ ಒಂದು ಉತ್ತಮ ಅಧ್ಯಾಯ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ನಗರದಲ್ಲಿ ವೃತ್ತಿಯನ್ನಾರಂಭಿಸಿದರು. ಅಲ್ಲಿನ ಅನೇಕರ ಹಲ್ಲುಗಳ ಮೇಲೆ ಕಂದುಬಣ್ಣದ ಕಲೆಗಳಿದ್ದುವು. ಊರಿನವರು ಅದನ್ನು ಸಹಜವೆಂದೇ ಎಣಿಸಿದ್ದರು. 1909ರಲ್ಲಿ ಪ್ರಸಿದ್ಧ ಸಂಶೋಧಕರಾದ ಜಿ. ವಿ. ಬ್ಲ್ಯಾಕ್ ಅವರು ಮೆಕೇ ಅವರೊಡನೆ ಸೇರಿ, 1915ರಲ್ಲಿ ತಾವು ತೀರಿಕೊಳ್ಳುವವರೆಗೂ ಈ ಶೋಧನೆಯನ್ನು ನಡೆಸಿದರು. ಆ ನಗರದಲ್ಲಿಯೇ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಈ ಕಲೆಗಳಿರುವುದು ಎಣಿಕೆಯಿಂದ ತಿಳಿದುಬಂದಿತು. ಇಲ್ಲಿ ‘ಆ ನಗರದಲ್ಲಿಯೇ ಹುಟ್ಟಿದ’ ಎಂಬ ವಿಶೇಷಣವನ್ನು ಓದುಗರು ಗಮನಿಸಬೇಕು. ಹಲ್ಲುಗಳು ಗಟ್ಟಿಯಾದ ಬಳಿಕ ವಲಸೆ ಬಂದ ದೊಡ್ಡವರಿಗೆ ಕಲೆ ತಗುಲಲಿಲ್ಲ. ಆದುದರಿಂದ ಕಾರಣವು ಬಾಲ್ಯದಲ್ಲಿಯೂ ಆ ಸ್ಥಳದಲ್ಲಿಯೂ ಅಡಗಿರಬೇಕೆಂಬುದು ಸ್ಪಷ್ಟವಾಯಿತು. ಕಲೆಯುಳ್ಳ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಮೆ ಎಂಬ ವಿಚಿತ್ರ ಸಂಗತಿಯೂ ಅವರ ಗಮನಕ್ಕೆ ಬಂದಿತು.

1923ರಲ್ಲಿ ಮೆಕೇ ಅವರು ಐಡಾಹೊ ಪ್ರಾಂತದ ಓಕ್ಲೆ ಎಂಬ ಊರಿಗೆ ಹೋದರು. ಐದು ಮೈಲಿ ದೂರದ ಬಿಸಿನೀರಿನ ಚಿಲುಮೆಯಿಂದ ಊರಿಗೆ ಕೊಳಾಯಿ ಹಾಕಿದ ಮೇಲೆ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡತೊಡಗಿತೆಂದು ಅಲ್ಲಿನ ತಾಯಂದಿರು ತಿಳಿಸಿದರು. ನೀರನ್ನು ಪರೀಕ್ಷಿಸಿದಾಗ ಸಂದೇಹಕ್ಕೆಡೆಯಾದದ್ದೇನೂ ಸಿಕ್ಕಲಿಲ್ಲ. ಆದರೂ ಅವರು ಆ ಕೊಳಾಯಿಯನ್ನು ಬಿಟ್ಟು ಬೇರೊಂದು ಚಿಲುಮೆಯ ನೀರನ್ನು ಬಳಸುವಂತೆ ಸಲಹೆಯಿತ್ತರು. ಕೆಲವು ವರ್ಷಗಳಲ್ಲಿ ಕಿರಿಯ ಮಕ್ಕಳಿಗೆ ನಿರ್ಮಲವಾದ ಹಲ್ಲುಗಳು ಬಂದುವು. ಕಾರಣವಸ್ತುವಿನ ಹೆಸರೇ ತಿಳಿಯದಿದ್ದರೂ ಕಾಲಾನುಕ್ರಮವನ್ನು ನಂಬಿ ಸರಿಯಾದ ತೀರ್ಮಾನಕ್ಕೆ ಬಂದುದಕ್ಕೆ ಇದು ನಿದರ್ಶನ.

ಆರ್ಕನ್ಸಾ ಪ್ರಾಂತದ ಬಾಕ್ಸೈಟ್ ಎಂಬ ಗಣಿಯೂರಿನಲ್ಲಿಯೂ ಇದೇ ಕಲೆಗಳು ಕಂಡುಬಂದುವು. 1931ರಲ್ಲಿ ಅಲ್ಯೂಮಿನಿಯಮ್ ಕಂಪನಿಯ ರಸಾಯನಶಾಸ್ತ್ರಜ್ಞರಾದ ಎಚ್. ವಿ. ಚರ್ಚಿಲ್ ಅವರು ಹೊಸ ವಿಧಾನದಿಂದ ಆ ನೀರನ್ನು ಪರೀಕ್ಷಿಸಿ, ಅದರಲ್ಲಿ ಫ್ಲೋರೈಡ್ ಅಧಿಕವಾಗಿರುವುದನ್ನು ಕಂಡರು. ಮೆಕೇ ಅವರು ಕಳುಹಿಸಿದ ಇತರ ಊರುಗಳ ನೀರಿನಲ್ಲಿಯೂ ಅದೇ ಇದ್ದಿತು.

ಅನಂತರ ಟ್ರೆಂಡ್ಲೆ ಡೀನ್ ಅವರು ಈ ಎಣಿಕೆಯನ್ನು ಶಾಸ್ತ್ರಬದ್ಧಗೊಳಿಸಿದರು. ನಿರ್ದೋಷ, ಸಂದೇಹಾಸ್ಪದ, ಅತ್ಯಲ್ಪ, ಅಲ್ಪ, ಮಧ್ಯಮ, ತೀವ್ರ ಎಂದು ಆರು ಅಂತಸ್ತುಗಳನ್ನು ಮಾಡಿ, ಪ್ರತಿಯೊಬ್ಬ ಬಾಲಕನ ಅತ್ಯಂತ ಕೆಟ್ಟ ಎರಡು ಹಲ್ಲುಗಳನ್ನು ಆಧರಿಸಿ ಅವನ ಅಂತಸ್ತನ್ನು ನಿರ್ಣಯಿಸಿದರು. 1942ರಲ್ಲಿ ಪೂರ್ಣಗೊಂಡ ಅವರ ಪರಿಶೀಲನೆಯು 21 ನಗರಗಳ, 12ರಿಂದ 14 ವರ್ಷ ವಯಸ್ಸಿನ 7,257 ಮಕ್ಕಳನ್ನೊಳಗೊಂಡಿತ್ತು. ಹತ್ತು ಲಕ್ಷ ಭಾಗ ನೀರಿಗೆ ಸುಮಾರು ಒಂದು ಭಾಗ ಫ್ಲೋರೈಡ್ ಇದ್ದರೆ ಹುಳುಕು ಬಹಳವಾಗಿ ತಗ್ಗುವುದೆಂದೂ, ಕಲೆ ಬಿದ್ದರೂ ಕೆಲವರಲ್ಲಿ ಅತ್ಯಲ್ಪವಾಗಿ ಮಾತ್ರ ಬೀಳುವುದೆಂದೂ ಅವರ ಸಂಶೋಧನೆಗಳಿಂದ ತಿಳಿದುಬಂದಿತು.

ನಮ್ಮ ದೇಶದಲ್ಲಿ ಈ ವ್ಯಾಧಿಯ ವಿವರಣೆ ತಡವಾಗಲಿಲ್ಲ. 1937ರಲ್ಲಿ ಎಚ್. ಇ. ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಇದನ್ನು ವರದಿ ಮಾಡಿದರು. ಫ್ಲೋರೈಡು ಹಲ್ಲುಗಳಲ್ಲಿಯೇ ನಿಲ್ಲದೆ ಮೂಳೆಗಳಿಗೂ ವ್ಯಾಪಿಸಿ, ಬೆನ್ನು ಕೀಲುಗಳನ್ನು ಬಿಗಿಗೊಳಿಸಿ, ರೈತನನ್ನು ದುಡಿಯಲಾರದವನನ್ನಾಗಿ ಮಾಡಬಲ್ಲದೆಂಬುದು ಅಲ್ಲಿಂದ ವಿದಿತವಾಯಿತು. ಬಾಲಕನ ಹಲ್ಲಿನ ಕಲೆ ಕೇವಲ ಸೌಂದರ್ಯದ ಪ್ರಶ್ನೆಯಲ್ಲ, ಮುಂದಿನ ವಿಪತ್ತಿನ ಮುನ್ಸೂಚನೆ ಎಂಬುದಕ್ಕೆ ಇದೇ ಆಧಾರ.

ಕರ್ನಾಟಕದ ಬಯಲುಸೀಮೆಯಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿರುವುದು ಪ್ರಸಿದ್ಧವೇ ಆಗಿದೆ. ಗ್ರಾನೈಟು ಮತ್ತು ನೈಸ್ ಶಿಲೆಗಳಲ್ಲಿರುವ ಅಭ್ರಕ, ಅಪಟೈಟು ಮುಂತಾದ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ನೀರು ಕ್ಷಾರಯುಕ್ತವಾಗಿದ್ದು ಸುಣ್ಣದ ಅಂಶ ಕಡಮೆಯಿದ್ದಷ್ಟೂ ಹೆಚ್ಚು ಇಳಿಯುತ್ತದೆ. ಮಳೆಯ ನೀರು ಸೇರುವ ಕೆರೆ ಮತ್ತು ತೆರೆದ ಬಾವಿಗಳನ್ನು ಬಿಟ್ಟು ಆಳವಾದ ಕೊಳವೆಬಾವಿಗಳನ್ನು ಅವಲಂಬಿಸಿದಲ್ಲಿ, ಬಹುಕಾಲ ಬಂಡೆಯ ಸಂಪರ್ಕದಲ್ಲಿದ್ದ ನೀರೇ ಕುಡಿಯಲು ದೊರೆಯುತ್ತದೆ. ಭಾರತೀಯ ಮಾನಕ ಸಂಸ್ಥೆಯು ಲೀಟರಿಗೆ 1 ಮಿಲಿಗ್ರಾಂ ಮಿತಿಯನ್ನು ವಿಧಿಸಿ, ಬೇರೆ ನೀರಿಲ್ಲದೆಡೆ 1.5ರವರೆಗೆ ಸಮ್ಮತಿಸಿದೆ.

ಇನ್ನು ಸಂಖ್ಯೆಗಳನ್ನು ಓದುವ ಕ್ರಮ. ಊಹೆಗಾಗಿ ಒಂದು ಶಾಲೆಯಲ್ಲಿ 200 ಮಕ್ಕಳಿರುವರೆನ್ನೋಣ. ಅವರಲ್ಲಿ ಆ ಊರಿನಲ್ಲಿಯೇ ಹುಟ್ಟಿ ಬೆಳೆದ 120 ಮಂದಿಯಲ್ಲಿ 90 ಮಂದಿಗೆ, ಹೊರಗಿನಿಂದ ಬಂದ 80 ಮಂದಿಯಲ್ಲಿ 6 ಮಂದಿಗೆ ಕಲೆಗಳಿವೆ. ಇಡೀ ಶಾಲೆಯ ಪ್ರಮಾಣ ನೂರಕ್ಕೆ 48. ಊರಿನ ಮಕ್ಕಳ ಪ್ರಮಾಣ 75. ಮೊದಲನೆಯದು ಲೆಕ್ಕಕ್ಕೆ ಸರಿಯೇ, ಆದರೆ ಊರಿನ ನೀರಿನ ವಿಷಯದಲ್ಲಿ ಅದು ಸುಳ್ಳು ಸಾಕ್ಷಿ. ಸಂದೇಹಾಸ್ಪದ ಅಂತಸ್ತನ್ನು ಸೇರಿಸಿದರೆ ಒಂದು ಸಂಖ್ಯೆ, ಬಿಟ್ಟರೆ ಮತ್ತೊಂದು. ಆದುದರಿಂದ ಯಾರನ್ನು ಎಣಿಸಿದರು, ಯಾವ ಅಳತೆಗೋಲಿನಿಂದ ಎಣಿಸಿದರು ಎಂದು ಕೇಳದೆ ಯಾವ ಶೇಕಡಾವಾರನ್ನೂ ಅಂಗೀಕರಿಸಲಾಗದು. ಎಲ್ಲ ಕಲೆಗಳೂ ಫ್ಲೋರೈಡಿನವಲ್ಲ ಎಂಬುದೂ ನೆನಪಿನಲ್ಲಿರಬೇಕು. ಫ್ಲೋರೈಡಿನ ಕಲೆ ಸಾಮಾನ್ಯವಾಗಿ ಎಡಬಲದ ಜೋಡಿಹಲ್ಲುಗಳಲ್ಲಿ ಸಮನಾಗಿ ಕಾಣುತ್ತದೆ. ಹಾಲುಹಲ್ಲಿಗೆ ಬಿದ್ದ ಪೆಟ್ಟಿನಿಂದಾದ ಕಲೆ ಒಂದೇ ಹಲ್ಲಿಗೆ ಸೀಮಿತವಾಗಿರಬಹುದು. ಕೊನೆಯ ನಿರ್ಣಯ ದಂತವೈದ್ಯರದು.

ಚರಿತ್ರೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದರಲ್ಲಿ ಮಾಡಬಹುದಾದ ಕೆಲಸವುಂಟು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಹುಟ್ಟಿದ ದಿನವಿದೆ. ಊರಿನ ಕೊಳವೆಬಾವಿಯನ್ನು ಯಾವ ವರ್ಷ ತೋಡಿದರೆಂಬುದು ಪಂಚಾಯತಿಯ ಕಡತಗಳಲ್ಲಿಯೂ ಹಿರಿಯರ ನೆನಪಿನಲ್ಲಿಯೂ ದೊರೆಯುತ್ತದೆ. ಬಾವಿಯ ವರ್ಷಕ್ಕಿಂತ ಹಿಂದೆ ಬೆಳೆದವರ ಹಲ್ಲು ನಿರ್ಮಲವಾಗಿದ್ದು ಅನಂತರ ಹುಟ್ಟಿದವರದು ಕಲೆಗೊಂಡಿದ್ದರೆ, ಓಕ್ಲೆಯ ತಾಯಂದಿರು ನೀಡಿದ ಸಾಕ್ಷ್ಯವೇ ಇಲ್ಲಿಯೂ ದೊರೆತಂತೆ. ಅಂಥ ಪಟ್ಟಿಯೊಂದನ್ನು ಸಿದ್ಧಪಡಿಸಿ ನೀರಿನ ಪರೀಕ್ಷೆಗೆ ಒತ್ತಾಯಿಸುವುದಕ್ಕೆ ವೈದ್ಯಶಾಸ್ತ್ರದ ಪರಿಣತಿ ಬೇಕಾಗಿಲ್ಲ.

ಬಯಲುಸೀಮೆಯ ಕಾಲೇಜುಗಳಲ್ಲಿ ಪಾಠ ಹೇಳಿದವರಿಗೆ, ನಗುವಾಗ ಬಾಯಿಗೆ ಕೈಯನ್ನು ಅಡ್ಡ ಹಿಡಿಯುವ ವಿದ್ಯಾರ್ಥಿಗಳು ಅಪರಿಚಿತರಲ್ಲ. ಹಲ್ಲುಜ್ಜುವುದಿಲ್ಲವೆಂದೂ ಎಲೆಯಡಿಕೆಯ ಚಟವಿದೆಯೆಂದೂ ಅವರನ್ನು ಹಳಿಯುವುದುಂಟು. ಆ ಕಲೆ ಅವರು ಮಾತು ಕಲಿಯುತ್ತಿದ್ದ ಕಾಲದಲ್ಲಿಯೇ ಬಿದ್ದುದು; ಎಷ್ಟು ಉಜ್ಜಿದರೂ ಹೋಗತಕ್ಕುದಲ್ಲ. ಅವರಿಗಾದುದನ್ನು ಸರಿಪಡಿಸಲು ದಂತವೈದ್ಯರ ನೆರವು ಬೇಕು. ಅವರ ತಮ್ಮತಂಗಿಯರಿಗೆ ಅದು ಆಗದಂತೆ ತಡೆಯಲು ಊರಿನ ನೀರು ಬದಲಾದರೆ ಸಾಕು.