ಓದು, ಮನನ, ಪ್ರಾರ್ಥನೆ

ಪರೀಕ್ಷೆಗೆ ಓದುವಾಗ ನಾವು ಪುಟಗಳನ್ನು ಎಣಿಸುತ್ತೇವೆ. ಕ್ರೈಸ್ತರ ದಿನನಿತ್ಯದ ಧ್ಯಾನದಲ್ಲಿ ಓದಿನ ರೀತಿಯೇ ಬೇರೆ. ಅಲ್ಲಿ ಬೈಬಲ್ಲಿನ ಹತ್ತು ಹನ್ನೆರಡು ಸಾಲುಗಳು ಒಂದು ದಿನಕ್ಕೆ ಸಾಕು.

ಈ ಅಭ್ಯಾಸ ಬಹಳ ಹಳೆಯದು. ಇಟಲಿಯ ಸಂತ ಬೆನೆಡಿಕ್ಟರು 6ನೆಯ ಶತಮಾನದಲ್ಲಿ ತಮ್ಮ ಮಠಕ್ಕಾಗಿ ಬರೆದ ನಿಯಮಾವಳಿಯಲ್ಲಿ ಕೈಕೆಲಸಕ್ಕೆ ವೇಳೆ ಗೊತ್ತುಪಡಿಸಿದಂತೆ ಪವಿತ್ರ ಗ್ರಂಥಗಳ ಓದಿಗೂ ಗೊತ್ತುಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ 'ಲೆಕ್ಸಿಯೊ ದಿವಿನಾ', ಅಂದರೆ ದೈವಿಕ ಓದು, ಎಂದು ಹೆಸರು. 12ನೆಯ ಶತಮಾನದಲ್ಲಿ ಫ್ರಾನ್ಸಿನ ಕಾರ್ಥೂಸಿಯನ್ ಸನ್ಯಾಸಿ ಎರಡನೆಯ ಗಿಗೊ ಇದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಓದು, ಮನನ, ಪ್ರಾರ್ಥನೆ, ಮೌನಧ್ಯಾನ ಇವೇ ಆ ಮೆಟ್ಟಿಲುಗಳು. ಹಸು ಮೇವನ್ನು ಮೆಲುಕು ಹಾಕುವಂತೆ ವಚನವನ್ನು ಮೆಲುಕು ಹಾಕಬೇಕೆಂಬ ಹೋಲಿಕೆ ಮಠಗಳಲ್ಲಿ ಬಳಕೆಯಲ್ಲಿತ್ತು. ಶ್ರವಣ, ಮನನ, ನಿದಿಧ್ಯಾಸನ ಎಂಬ ನಮ್ಮ ಪರಂಪರೆಯ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಒಂದು ಉದಾಹರಣೆ ನೋಡೋಣ. ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯೊಂದಿದೆ. ಜೆರುಸಲೇಮಿನಿಂದ ಜೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಕೆಡವುತ್ತಾರೆ. ಯಾಜಕನೊಬ್ಬ ಕಂಡೂ ಮುಂದೆ ಸಾಗುತ್ತಾನೆ. ದೇವಾಲಯದ ಸೇವೆಗೆ ಸೇರಿದ ಇನ್ನೊಬ್ಬನೂ ಹಾಗೆಯೇ ಮಾಡುತ್ತಾನೆ. ಗಾಯಗಳನ್ನು ಕಟ್ಟಿ ಛತ್ರಕ್ಕೆ ಕರೆದೊಯ್ಯುವವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ ಹಗೆತನವಿತ್ತು. ಇದು ತಿಳಿಯದಿದ್ದರೆ ಕಥೆಯ ಮೊನೆಯೇ ಮೊಂಡಾಗುತ್ತದೆ. ಆದ್ದರಿಂದ ಮೊದಲ ಮೆಟ್ಟಿಲಿನಲ್ಲಿ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಎರಡನೆಯದರಲ್ಲಿ ಓದುಗನು 'ಇವರಲ್ಲಿ ನಾನು ಯಾರು?' ಎಂದು ಕೇಳಿಕೊಳ್ಳುತ್ತಾನೆ. ಉತ್ತರ ಹಿತವಾಗಿಯೇ ಇರಬೇಕೆಂದಿಲ್ಲ. ಮೂರನೆಯದರಲ್ಲಿ ಆ ಉತ್ತರವನ್ನೇ ದೇವರ ಮುಂದಿಟ್ಟು ಬೇಡುತ್ತಾನೆ. ಕೊನೆಯದರಲ್ಲಿ ಮಾತು ನಿಲ್ಲಿಸಿ ಸುಮ್ಮನೆ ಕುಳಿತಿರುತ್ತಾನೆ.

ಆಯಾ ದಿನದ ಪಾಠವನ್ನು ಆರಿಸುವವರು ಯಾರು? ಇಷ್ಟಬಂದ ಪುಟ ತೆರೆಯುವವನು ಕ್ರಮೇಣ ತನಗೆ ಒಪ್ಪುವ ಮಾತುಗಳನ್ನಷ್ಟೇ ಓದತೊಡಗುತ್ತಾನೆ. ಪಾಠಪಟ್ಟಿ ಇದಕ್ಕೆ ಒಳ್ಳೆಯ ತಡೆ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ತರುವಾಯ ಕಥೋಲಿಕ ಧರ್ಮಸಭೆಯು 1969ರಲ್ಲಿ ಹೊಸ ಪಾಠಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ಭಾನುವಾರದ ಪಾಠಗಳು ಮೂರು ವರ್ಷಗಳಿಗೊಮ್ಮೆ ಮರಳಿ ಬರುತ್ತವೆ. ಬೆಂಗಳೂರಿನ ಚರ್ಚಿನಲ್ಲಿಯೂ ರೋಮಿನಲ್ಲಿಯೂ ಅಂದಂದಿನ ಪಾಠ ಸಾಮಾನ್ಯವಾಗಿ ಒಂದೇ. ಪ್ರಾಟೆಸ್ಟಂಟರಲ್ಲಿಯೂ ಇಂಥ ಕ್ರಮಗಳಿವೆ. ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರೇವಿಯನ್ ಸಭೆಯು ದಿನಕ್ಕೊಂದು ವಚನವಿರುವ ಪುಸ್ತಕವನ್ನು ಮೊದಲು ಅಚ್ಚು ಹಾಕಿಸಿದ್ದು 1731ನೆಯ ವರ್ಷಕ್ಕಾಗಿ. ಹಳೆಯ ಒಡಂಬಡಿಕೆಯ ವಚನಗಳನ್ನು ಅಲ್ಲಿ ಇಂದಿಗೂ ಚೀಟಿ ಎತ್ತಿ ಆರಿಸುತ್ತಾರೆ.

ಹೀಗೆ, ಯಾರನ್ನೋ ಕ್ಷಮಿಸಲಾರೆನೆಂದು ಹಟ ಹಿಡಿದ ದಿನವೇ ಕ್ಷಮೆಯ ಪಾಠ ಎದುರಾಗಬಹುದು. ಓದುಗ ಅದನ್ನು ಬಿಟ್ಟು ಮುಂದಿನ ಪುಟಕ್ಕೆ ಹೋಗುವಂತಿಲ್ಲ, ಅದರೊಡನೆ ಕುಳಿತುಕೊಳ್ಳಬೇಕು. ಸಮಾರ್ಯದವನ ಕಥೆ ಮುಗಿಸಿದಾಗಲೂ ಯೇಸು ಕೇಳುಗನಿಂದ ಬಯಸಿದ್ದು ಮೆಚ್ಚುಗೆಯನ್ನಲ್ಲ, ಹೋಗಿ ಹಾಗೆಯೇ ನಡೆಯುವುದನ್ನು.